ಡೀಲರ್ ಕೊಟ್ಟ ಹಳೆ ಕಾರು ಕೈಕೊಟ್ಟರೆ: ದೂರು ಕಟ್ಟುವ ದಾರಿ

"ಕಾರು ತಂದು ಹದಿನೈದು ದಿನ ಆಗಿಲ್ಲ, ಗೇರ್‌ಬಾಕ್ಸ್ ಹೋಗಿದೆ. ಡೀಲರ್ ಫೋನ್ ಎತ್ತುತ್ತಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿಗೂ ಕೇಸು ಹಾಕಲು ಬರುತ್ತದೆಯೇ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕಾರಿನ ಹೆಸರು, ಕೆಟ್ಟ ಭಾಗ ಮಾತ್ರ ಬೇರೆ ಬೇರೆ.

ಬರುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ಕ್ಕೆ ಹೊಸ ಸರಕು, ಹಳೆ ಸರಕು ಎಂಬ ಭೇದವಿಲ್ಲ. ಆದರೆ ದೂರು ನಿಲ್ಲುವ ಬಗೆಯಲ್ಲಿ ದೊಡ್ಡ ವ್ಯತ್ಯಾಸವಿದೆ. ಹೊಸ ಕಾರು ಕೆಟ್ಟರೆ ಕೆಟ್ಟದ್ದೇ ದೂರು. ಹಳೆ ಕಾರು ಕೆಡುವುದು ಸಹಜ ಎಂದು ಡೀಲರ್ ವಾದಿಸುತ್ತಾನೆ, ಆ ವಾದದಲ್ಲಿ ಹುರುಳೂ ಇರುತ್ತದೆ. ಆದ್ದರಿಂದ ನೀವು ತೋರಿಸಬೇಕಾದದ್ದು ಎರಡು: ಮಾರಿದ ದಿನವೇ ಆ ದೋಷ ಕಾರಿನಲ್ಲಿತ್ತು, ಮತ್ತು ಅದನ್ನು ನಿಮ್ಮಿಂದ ಮುಚ್ಚಿಟ್ಟರು ಇಲ್ಲವೇ ಅದರ ಬಗ್ಗೆ ಸುಳ್ಳು ಹೇಳಿದರು. ಕೆಳಗಿನ ಹಂತಗಳೆಲ್ಲ ಈ ಎರಡನ್ನು ಕಾಗದದ ಮೇಲೆ ತರುವ ಕೆಲಸವೇ.

ನಿಮ್ಮದು ಯಾವ ಬಗೆಯ ಕೇಸು?

ಖರ್ಚಿಗೆ ಇಳಿಯುವ ಮೊದಲು ಇದನ್ನು ನಿರ್ಧರಿಸಿಕೊಳ್ಳಿ.

ಸವೆತದ ಭಾಗಗಳು, ಅಂದರೆ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿ, ಸಸ್ಪೆನ್ಷನ್ ಬುಷ್, ಇವುಗಳ ಮೇಲೆ ಕೇಸು ದುರ್ಬಲ. ಎಂಟು ವರ್ಷದ ಕಾರಿನ ಕ್ಲಚ್ ಮೂರನೇ ತಿಂಗಳಲ್ಲಿ ಹೋದರೆ ಯಾರೂ ಅಚ್ಚರಿಪಡುವುದಿಲ್ಲ. "ಕ್ಲಚ್ ಈಗಷ್ಟೇ ಹಾಕಿಸಿದ್ದು" ಎಂದು ಡೀಲರ್ ವಾಟ್ಸಾಪ್‌ನಲ್ಲಿ ಬರೆದಿದ್ದರೆ ಮಾತ್ರ ವಿಷಯ ಬೇರೆಯಾಗುತ್ತದೆ.

ಮುಚ್ಚಿಟ್ಟ ದೋಷಗಳಲ್ಲಿ ಕೇಸು ಗಟ್ಟಿ. ದೊಡ್ಡ ಅಪಘಾತವಾಗಿ ಚಾಸಿಗೆ ವೆಲ್ಡಿಂಗ್ ಮಾಡಿಸಿದ ಕಾರು, ನೆರೆ ನೀರಿನಲ್ಲಿ ಮುಳುಗಿದ ಕಾರು, ಮೀಟರ್ ಹಿಂದಕ್ಕೆ ತಿರುಗಿಸಿದ ಕಾರು, ಎಂಜಿನ್ ಅಥವಾ ಗೇರ್‌ಬಾಕ್ಸ್‌ನ ತೊಂದರೆ ತಿಳಿಯದಂತೆ ದಪ್ಪ ಎಣ್ಣೆ ಹಾಕಿ, ವಾರ್ನಿಂಗ್ ಲೈಟ್ ಅಳಿಸಿ ಕೊಟ್ಟ ಕಾರು ಈ ಗುಂಪಿಗೆ ಸೇರುತ್ತವೆ.

ಕಾಗದದ ದೋಷ ಎಲ್ಲಕ್ಕಿಂತ ಗಟ್ಟಿ. ಹಳೆ ಸಾಲ ತೀರದೆ ಆರ್‌ಸಿಯಲ್ಲಿ ಹೈಪಾಥಿಕೇಶನ್, ಅಂದರೆ ಸಾಲ ಕೊಟ್ಟ ಬ್ಯಾಂಕಿನ ಹೆಸರು ಉಳಿದಿರುವುದು. ಎರಡನೇ ಮಾಲೀಕ ಎಂದು ಹೇಳಿ ನಾಲ್ಕನೆಯವರ ಕಾರು ಕೊಟ್ಟಿರುವುದು. ಚಾಸಿ ನಂಬರ್ ತಾಳೆಯಾಗದಿರುವುದು. ಮಾರುವವನಿಗೆ ಮಾರುವ ಹಕ್ಕಿರಬೇಕು, ವಸ್ತುವಿನ ಮೇಲೆ ಹೇಳದೇ ಇಟ್ಟ ಸಾಲದ ಹೊರೆ ಇರಬಾರದು ಎಂದು ಸರಕು ಮಾರಾಟ ಕಾಯ್ದೆ 1930ರ 14ನೇ ಕಲಂ ಹೇಳುತ್ತದೆ. ಇಲ್ಲಿ ಮೆಕ್ಯಾನಿಕ್‌ನ ಅಭಿಪ್ರಾಯವೂ ಬೇಡ, ದಾಖಲೆಯೇ ಮಾತಾಡುತ್ತದೆ.

ಮಾರಿದವರು ಯಾರು ಎನ್ನುವುದೂ ಮುಖ್ಯ. ಗ್ರಾಹಕ ಕಾಯ್ದೆ ವ್ಯಾಪಾರಿಯ ವಿರುದ್ಧ ಇರುವ ಅಸ್ತ್ರ. ಪಕ್ಕದ ಬೀದಿಯವರು ತಮ್ಮ ಸ್ವಂತ ಕಾರನ್ನು ಒಮ್ಮೆ ಮಾರಿದರೆ ಅವರು ವ್ಯಾಪಾರಿಯಲ್ಲ. ಅಲ್ಲಿ ಕರಾರು ಕಾಯ್ದೆಯಡಿ ಸಿವಿಲ್ ಕೋರ್ಟಿಗೆ ಹೋಗಬೇಕಾಗುತ್ತದೆ. ಕೆಲವು ಡೀಲರ್‌ಗಳು ಇದೇ ಸಂದಿಯಲ್ಲಿ ನುಸುಳುತ್ತಾರೆ. ತಮ್ಮ ಹೆಸರನ್ನು ಎಲ್ಲೂ ಬರೆಯದೆ, ಹಳೆ ಮಾಲೀಕನಿಂದ ಸಹಿ ಮಾಡಿಸಿಟ್ಟ ಫಾರಂ 29 ಮತ್ತು 30 (ಮಾಲೀಕತ್ವ ವರ್ಗಾವಣೆಯ ಅರ್ಜಿಗಳು) ನಿಮ್ಮ ಕೈಗಿಟ್ಟು, "ನಾವು ಬರೀ ಮಧ್ಯವರ್ತಿ" ಎನ್ನುತ್ತಾರೆ.

ಈ ನುಣುಚಾಟಕ್ಕೆ ಈಗ ಒಂದು ಉತ್ತರವಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ನೋಂದಾಯಿತ ವಾಹನಗಳ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ (ಫಾರಂ 29ಬಿ) ಪಡೆದಿರಬೇಕು. ಮಾಲೀಕ ಕಾರನ್ನು ಡೀಲರ್‌ಗೆ ಒಪ್ಪಿಸಿದ ಸೂಚನೆ ಫಾರಂ 29ಸಿಯಲ್ಲಿ ಹೋಗಬೇಕು. ಅಲ್ಲಿಂದ ಮುಂದೆ ಕಾನೂನಿನ ಕಣ್ಣಿಗೆ ಡೀಲರೇ ಮಾಲೀಕ. ಅಧಿಕಾರ ಪತ್ರವಿಲ್ಲದೆ ಅಂಗಡಿ ತೆರೆದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಪತ್ರ ಇದೆಯೋ ಇಲ್ಲವೋ ಎಂದು ಆರ್‌ಟಿಒದಲ್ಲಿ ಮಾಹಿತಿ ಹಕ್ಕಿನಡಿ ಕೇಳಬಹುದು.

ಆ್ಯಪ್ ಮೂಲಕ ಕೊಂಡಿದ್ದರೆ ಇನ್‌ವಾಯ್ಸ್ ತೆಗೆದು ನೋಡಿ. ಜಾಹೀರಾತು ಒಂದು ಕಂಪನಿಯದು, ಬಿಲ್ ಇನ್ನೊಂದರದು, ಹಣ ಹೋದದ್ದು ಮೂರನೆಯ ಖಾತೆಗೆ ಆಗಿರಬಹುದು. ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಉಳಿದವರು ಬಿಟ್ಟವರ ಕಡೆ ಬೆರಳು ತೋರಿಸುತ್ತಾರೆ.

"ಇದ್ದ ಸ್ಥಿತಿಯಲ್ಲಿ ಕೊಂಡಿದ್ದೇನೆ" ಎಂದು ಸಹಿ ಹಾಕಿದ್ದೇನಲ್ಲ?

ಹೆಚ್ಚಿನವರು ಇಲ್ಲೇ ಕೈಚೆಲ್ಲುತ್ತಾರೆ. ಡೆಲಿವರಿ ನೋಟ್‌ನ ಕೊನೆಯಲ್ಲಿ "ಆ್ಯಸ್ ಈಸ್ ವೇರ್ ಈಸ್", "ಟ್ರಯಲ್ ನೋಡಿ ತೃಪ್ತಿಯಾಗಿದೆ", "ನೋ ವಾರಂಟಿ" ಎಂದೆಲ್ಲ ಅಚ್ಚಾಗಿರುತ್ತದೆ. ಆ ಸಾಲಿಗೆ ಬೆಲೆಯೇ ಇಲ್ಲ ಎನ್ನುವ ವಕೀಲರ ಮಾತನ್ನೂ ನಂಬಬೇಡಿ, ಅದೇ ಕೊನೆ ಎನ್ನುವ ಡೀಲರ್‌ನ ಮಾತನ್ನೂ ನಂಬಬೇಡಿ.

ಸರಕು ಮಾರಾಟ ಕಾಯ್ದೆಯ 16ನೇ ಕಲಂ ಪ್ರಕಾರ, ಆ ಬಗೆಯ ಸರಕನ್ನೇ ಮಾರುವ ವ್ಯಾಪಾರಿಯಿಂದ ವಿವರಣೆ ನೋಡಿ ಕೊಂಡ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆ ಇಲ್ಲ. ಈ ಷರತ್ತನ್ನು ಸ್ಪಷ್ಟ ಒಪ್ಪಂದದಿಂದ ಬಿಟ್ಟುಕೊಡಲೂಬಹುದು ಎಂದು 62ನೇ ಕಲಂ ಹೇಳುತ್ತದೆ. ಹಾಗಾಗಿ ಬಾಗಿಲ ಮೇಲಿನ ಗೀರು, ಸವೆದ ಟೈರ್, ಕೆಲಸ ಮಾಡದ ಎಸಿ, ಇವಕ್ಕೆ ಆ ಸಹಿ ನಿಮ್ಮನ್ನು ಕಟ್ಟಿಹಾಕಬಹುದು.

ಮೋಸವನ್ನು ಮಾತ್ರ ಯಾವ ಸಹಿಯೂ ತೊಳೆಯುವುದಿಲ್ಲ. ಮೀಟರ್ ತಿರುಗಿಸಿ 46,000 ಕಿ.ಮೀ. ಎಂದು ತೋರಿಸಿದವನು "ನೀವು ನೋಡಿಯೇ ಕೊಂಡಿರಿ" ಎಂದರೆ ಅದು ವಾದವಾಗುವುದಿಲ್ಲ, ನೀವು ನೋಡಿದ್ದೇ ಸುಳ್ಳು ಮೀಟರ್. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದು ಗ್ರಾಹಕ ಕಾಯ್ದೆಯ 2(47)ರಡಿ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ. ಬಿಲ್‌ನಲ್ಲಿ ಬೇರೆ ಅವಧಿ ಬರೆಯದಿದ್ದಾಗ, ದೋಷವಿರುವ ಸರಕನ್ನು 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ. ಈ 30 ದಿನ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಪ್ಪಂದದ ಷರತ್ತೇ ಅನ್ಯಾಯದ್ದು, ಅದನ್ನು ರದ್ದು ಮಾಡಿ ಎಂದು ಕೇಳುವುದಾದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ಸಾಮಾನ್ಯ ಕೇಸಿನಲ್ಲಿ ಅದರ ಅಗತ್ಯ ಬೀಳುವುದಿಲ್ಲ. ದೋಷ ಮತ್ತು ಅನುಚಿತ ವ್ಯಾಪಾರ ಎಂಬ ಎರಡು ನೆಲೆಯಲ್ಲೇ ದೂರು ಕಟ್ಟಿ.

1. ಕಾರನ್ನು ನಿಲ್ಲಿಸಿ, ರಿಪೇರಿಗೆ ಕೈ ಹಾಕಬೇಡಿ

ದೋಷ ಕಂಡ ದಿನ ಮೀಟರ್‌ನ ಫೋಟೊ, ವಾರ್ನಿಂಗ್ ಲೈಟ್‌ನ ಫೋಟೊ, ಸದ್ದು ಇದ್ದರೆ ವಿಡಿಯೊ ತೆಗೆಯಿರಿ. ವಿಡಿಯೊದಲ್ಲಿ ನಂಬರ್ ಪ್ಲೇಟ್‌ನಿಂದ ಶುರುಮಾಡಿ, ಕತ್ತರಿಸದೆ ಎಂಜಿನ್‌ವರೆಗೆ ಬನ್ನಿ.

ಸೋಲುವ ಕೇಸುಗಳಲ್ಲಿ ಬಹುಪಾಲು ಸೋಲುವುದು ಈ ಹಂತದಲ್ಲೇ. ಪರಿಚಯದ ಮೆಕ್ಯಾನಿಕ್ ಎಂಜಿನ್ ಬಿಚ್ಚುತ್ತಾನೆ, ಹಳೆ ಭಾಗ ಗುಜರಿಗೆ ಹೋಗುತ್ತದೆ, ಕೈಯಲ್ಲಿ ಒಂದು ಎಸ್ಟಿಮೇಟ್ ಚೀಟಿ ಮಾತ್ರ ಉಳಿಯುತ್ತದೆ. ಆಮೇಲೆ ಡೀಲರ್ "ಬಿಚ್ಚಿ ಕೆಡಿಸಿದ್ದೇ ನಿಮ್ಮ ಮೆಕ್ಯಾನಿಕ್" ಎಂದರೆ ಉತ್ತರವಿರುವುದಿಲ್ಲ. ದೋಷ ಗೊತ್ತಾದ ಮೇಲೂ ಆರು ಸಾವಿರ ಕಿ.ಮೀ. ಓಡಿಸಿದರೆ ಹಣ ವಾಪಸ್ ಕೇಳುವ ಹಕ್ಕು ಸಡಿಲವಾಗುತ್ತದೆ.

ರಿಪೇರಿ ಮಾಡಿಸಲೇಬೇಕಾದ ಪರಿಸ್ಥಿತಿ ಇದ್ದರೆ ಮೊದಲು 4ನೇ ಹಂತದ ತಪಾಸಣೆ ಮುಗಿಸಿ, ಡೀಲರ್‌ಗೆ ಬರಹದಲ್ಲಿ ತಿಳಿಸಿ, ತೆಗೆದ ಭಾಗಗಳನ್ನು ಚೀಲದಲ್ಲಿ ಹಾಕಿ ದಿನಾಂಕ ಬರೆದಿಟ್ಟುಕೊಳ್ಳಿ. ಮತ್ತೊಂದು ಎಚ್ಚರಿಕೆ: ಸಾಲದ ಕಂತು ನಿಲ್ಲಿಸಬೇಡಿ. ಬ್ಯಾಂಕಿಗೂ ಡೀಲರ್‌ನ ಮೋಸಕ್ಕೂ ಸಂಬಂಧವಿಲ್ಲ. ಕಂತು ತಪ್ಪಿದರೆ ನಿಮ್ಮ ಕ್ರೆಡಿಟ್ ಸ್ಕೋರ್ ಕೆಡುತ್ತದೆ, ಕೇಸಿನ ಮುಖ್ಯ ಸಾಕ್ಷಿಯಾದ ಕಾರನ್ನೇ ಬ್ಯಾಂಕಿನವರು ಎಳೆದೊಯ್ಯಬಹುದು.

2. ಮಾರಾಟದ ದಿನ ಏನು ಹೇಳಿದರೋ ಅದನ್ನೆಲ್ಲ ಹಿಡಿದಿಡಿ

ಜಾಹೀರಾತು ಇನ್ನೂ ಆನ್‌ಲೈನ್‌ನಲ್ಲಿದ್ದರೆ ಈಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ದೂರು ಮುಟ್ಟಿದ ಮರುಗಳಿಗೆ ಅದು ಮಾಯವಾಗುತ್ತದೆ. ವಾಟ್ಸಾಪ್ ಚಾಟ್ ಅಳಿಸಬೇಡಿ, ಎಕ್ಸ್‌ಪೋರ್ಟ್ ಮಾಡಿ ಇಮೇಲ್‌ಗೆ ಕಳಿಸಿಕೊಳ್ಳಿ, ಫೋನನ್ನೂ ಮಾರಬೇಡಿ. ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಂ ಒಂದು ಪ್ರಮಾಣಪತ್ರ ಕೇಳುತ್ತದೆ (ಹಿಂದಿನ ಕಾಯ್ದೆಯಲ್ಲಿ 65ಬಿ ಎನ್ನುತ್ತಿದ್ದದ್ದು). ಗ್ರಾಹಕ ಆಯೋಗಗಳು ಸಾಕ್ಷ್ಯದ ನಿಯಮಗಳನ್ನು ಕೋರ್ಟಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಆದರೂ ಪ್ರಮಾಣಪತ್ರ ಲಗತ್ತಿಸಿದರೆ ಒಂದು ತಕರಾರು ಕಡಿಮೆ.

ಮಾತು ಬಾಯಲ್ಲೇ ನಡೆದಿದ್ದರೆ? ಈಗ ಬರಹಕ್ಕೆ ಎಳೆಯಿರಿ. ಜಗಳದ ದನಿ ಬೇಡ: "ಅಂದು ನೀವು ಮೂಲ ಪೇಂಟ್, ಆ್ಯಕ್ಸಿಡೆಂಟ್ ಆಗಿಲ್ಲ ಎಂದಿದ್ದಿರಿ, ಈಗ ಸರ್ವಿಸ್ ಸೆಂಟರ್‌ನವರು ಬೇರೆ ಹೇಳುತ್ತಿದ್ದಾರೆ, ಏನು ಮಾಡೋಣ?" ಎಂದು ಮೆಸೇಜ್ ಹಾಕಿ. "ನಾನು ಹಾಗೆ ಹೇಳೇ ಇಲ್ಲ" ಎಂದು ಬರೆಯುವ ಬದಲು "ಒಳಗಿನದು ನಮಗೂ ಗೊತ್ತಿರಲಿಲ್ಲ ಸಾರ್" ಎಂಬ ಉತ್ತರ ಬಂದರೆ, ಹೇಳಿದ್ದನ್ನು ಒಪ್ಪಿದಂತೆಯೇ.

ಹಣದ ದಾಖಲೆಯಲ್ಲಿ ಎಡವುವವರು ಬಹಳ. ನಾಲ್ಕು ಲಕ್ಷಕ್ಕೆ ಕೊಂಡು, ಒಂದು ಲಕ್ಷ ಖಾತೆಗೆ ಹಾಕಿ, ಮೂರು ಲಕ್ಷ ನಗದು ಕೊಟ್ಟಿದ್ದರೆ ಸಾಬೀತಾಗುವುದು ಒಂದೇ ಲಕ್ಷ. ನಗದು ಕೊಟ್ಟ ದಿನ ನಿಮ್ಮ ಖಾತೆಯಿಂದ ತೆಗೆದದ್ದರ ಸ್ಟೇಟ್‌ಮೆಂಟ್, ಹಣ ಸೇರಿತೆಂಬ ಮೆಸೇಜ್ ಇದ್ದರೆ ಜೋಡಿಸಿ. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ದಂಡ ಬೀಳುವುದು ಪಡೆದವನಿಗೆ. "ಬಿಲ್ ಬೇಕಿದ್ದರೆ ಪೂರ್ತಿ ಬೆಲೆ ಮೇಲೆ ಜಿಎಸ್‌ಟಿ ಕೊಡಬೇಕಾಗುತ್ತೆ" ಎಂಬ ಹೆದರಿಕೆಯೂ ಸುಳ್ಳು. ಮಾರ್ಜಿನ್ ಪದ್ಧತಿಯಲ್ಲಿ ವ್ಯವಹರಿಸುವ ಡೀಲರ್‌ಗೆ ತೆರಿಗೆ ಬೀಳುವುದು ಅವನು ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ನಡುವಿನ ಅಂತರದ ಮೇಲೆ ಮಾತ್ರ.

3. ಕಾರಿನ ಹಳೆ ಚರಿತ್ರೆ ತೆಗೆಸಿ

ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಅದು ವಾಹನದ ನೋಂದಣಿ ಪುಸ್ತಕದ ನಕಲು. ಮಾಲೀಕರು, ಸಾಲದ ನಮೂದು ಅದರಲ್ಲಿ ಸಿಗುತ್ತವೆ. ನಂತರ ಆ ಬ್ರ್ಯಾಂಡ್‌ನ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ ಸರ್ವಿಸ್ ಹಿಸ್ಟರಿ ಕೇಳಿ. ಪ್ರತಿ ಸರ್ವಿಸ್‌ನ ದಿನಾಂಕದ ಮುಂದೆ ಅಂದಿನ ಕಿ.ಮೀ. ಇರುತ್ತದೆ. 2021ರಲ್ಲಿ 82,000 ಓಡಿದ್ದ ಕಾರು ನಿಮ್ಮ ಕೈಗೆ 46,000ಕ್ಕೆ ಬಂದಿದ್ದರೆ ಆ ಒಂದು ಹಾಳೆ ಸಾಕು. ಬಾಡಿ ಶಾಪ್ ಕೆಲಸ, ಇನ್ಶೂರೆನ್ಸ್ ಕ್ಲೇಮ್‌ನ ಬಿಲ್‌ಗಳೂ ಅಲ್ಲೇ ಕಾಣುತ್ತವೆ.

ಹಳೆ ಪಾಲಿಸಿಯ ಪ್ರತಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಕ್ಲೇಮ್ ಮಾಡದ ಪ್ರತಿ ವರ್ಷಕ್ಕೆ ಅದು 20ರಿಂದ ಏರುತ್ತಾ 50 ಶೇಕಡಾವರೆಗೆ ಹೋಗುತ್ತದೆ. ಮೊದಲ ಮಾಲೀಕನ ಆರು ವರ್ಷದ ಕಾರಿಗೆ ಸೊನ್ನೆ ಇದ್ದರೆ ಇತ್ತೀಚೆಗೆ ಕ್ಲೇಮ್ ಆಗಿರುವ ಸಂಭವ ಹೆಚ್ಚು. ಇದು ಸುಳಿವು ಮಾತ್ರ, ಸಾಕ್ಷ್ಯವಲ್ಲ. ವಿಮಾ ಕಂಪನಿ ಕ್ಲೇಮ್ ಕಡತ ನಿಮಗೆ ಕೊಡಲು ಒಪ್ಪದಿದ್ದರೆ ಬಿಟ್ಟುಬಿಡಬೇಡಿ. ದಾಖಲೆ ತರಿಸಲು ಆಯೋಗಕ್ಕೆ ಸಿವಿಲ್ ಕೋರ್ಟಿನ ಅಧಿಕಾರವಿದೆ, ದೂರು ಹಾಕಿದ ಮೇಲೆ ಅದಕ್ಕೊಂದು ಅರ್ಜಿ ಕೊಡಬಹುದು.

4. ತಪಾಸಣೆ: "ಏನು ಕೆಟ್ಟಿದೆ" ಸಾಲದು, "ಯಾವಾಗಿನಿಂದ" ಬೇಕು

ಇಡೀ ಕೇಸಿನ ಬೆನ್ನೆಲುಬು ಇದು. ಅಧಿಕೃತ ಸರ್ವಿಸ್ ಸೆಂಟರ್ ಅಥವಾ ಪರವಾನಗಿ ಇರುವ ಮೋಟಾರು ವಿಮಾ ಸರ್ವೇಯರ್‌ರಿಂದ ತಪಾಸಣೆ ಮಾಡಿಸಿ. ತಪಾಸಣೆಯ ದಿನ, ಸ್ಥಳವನ್ನು ಒಂದು ವಾರ ಮೊದಲೇ ಡೀಲರ್‌ಗೆ ಬರಹದಲ್ಲಿ ತಿಳಿಸಿ, ಬೇಕಿದ್ದರೆ ಬನ್ನಿ ಎನ್ನಿ. ಬರುವುದಿಲ್ಲ, ಆದರೆ ನಮ್ಮ ಬೆನ್ನ ಹಿಂದೆ ಮಾಡಿಸಿದ ವರದಿ ಎನ್ನಲೂ ಆಗುವುದಿಲ್ಲ.

ಜಾಬ್ ಕಾರ್ಡ್‌ನಲ್ಲಿ (ಗ್ಯಾರೇಜ್‌ನವರು ಬರೆದುಕೊಡುವ ಕೆಲಸದ ಚೀಟಿ) ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಆ ದಿನದ ಮೀಟರ್ ರೀಡಿಂಗ್ ಇರಲೇಬೇಕು. "ಎಂಜಿನ್ ಓವರ್‌ಹಾಲ್ ಅಗತ್ಯ, ಅಂದಾಜು ರೂ. 1,40,000" ಎಂದಷ್ಟೇ ಬರೆದ ಕಾಗದ ಅರ್ಧ ಕೆಲಸಕ್ಕೂ ಬರುವುದಿಲ್ಲ. ದೋಷದ ವಯಸ್ಸು ಹೇಳುವ ಗುರುತುಗಳನ್ನು ಬರೆಸಿ, ಫೋಟೊ ಸೇರಿಸಿ.

ಅಪಘಾತದ ಅನುಮಾನವಿದ್ದರೆ ಪೇಂಟ್ ದಪ್ಪದ ಅಳತೆ ಕೇಳಿ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಪುಟ್ಟಿ (ತಗ್ಗು ತುಂಬುವ ಲೇಪ) ಬಳಿದ ಭಾಗದಲ್ಲಿ ಅದು ಹಲವು ಪಟ್ಟು ಏರುತ್ತದೆ. ಕಾರಿನ ಎಲ್ಲ ಭಾಗಗಳ ಅಳತೆಯೂ ಬೇಕು, ಒಂದೇ ಅಂಕಿಗೆ ಅರ್ಥವಿಲ್ಲ. ಬಾನೆಟ್ ಒಳಗಿನ ಏಪ್ರನ್ (ಚಕ್ರದ ಮೇಲಿನ ಒಳತಗಡು), ಪಿಲ್ಲರ್ (ಚಾವಣಿ ಹೊರುವ ಕಂಬ), ಡಿಕ್ಕಿಯ ತಳದಲ್ಲಿ ಕೈವೆಲ್ಡಿಂಗ್ ಗುರುತು, ಅದರ ಮೇಲೆ ಹಳೆ ತುಕ್ಕು ಇದ್ದರೆ ಹತ್ತಿರದಿಂದ ಫೋಟೊ ತೆಗೆಸಿ.

ನೆರೆ ನೀರಿನ ಕಾರಾದರೆ ಸೀಟಿನ ರೈಲ್ ಬೋಲ್ಟ್‌ಗಳ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕೊನೆಯಲ್ಲಿ ಕಾಣುವ ಕೆಸರಿನ ಗೆರೆ, ಕಾರ್ಪೆಟ್ ಅಡಿಯ ವೈರಿಂಗ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹುಡುಕಿ. ಮೇಲೆ ಎಷ್ಟು ಹೊಳಪು ಕೊಟ್ಟರೂ ಡ್ಯಾಶ್‌ಬೋರ್ಡ್ ಹಿಂದಿನ ಮಣ್ಣನ್ನು ಯಾರೂ ತೊಳೆಯುವುದಿಲ್ಲ.

ಎಂಜಿನ್ ಲೈಟ್ ಅಳಿಸಿ ಮಾರಿದ ಅನುಮಾನವಿದ್ದರೆ ಒಬಿಡಿ ಸ್ಕ್ಯಾನ್ ಮಾಡಿಸಿ. ಇದು ಕಾರಿನ ಕಂಪ್ಯೂಟರ್‌ಗೆ ಸಾಧನ ಜೋಡಿಸಿ ದೋಷದ ಕೋಡ್ ಓದುವ ಕೆಲಸ. ಎಷ್ಟೋ ಕಾರುಗಳಲ್ಲಿ ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಎನ್ನುವ ಅಂಕಿಯೂ ಸಿಗುತ್ತದೆ. ನೀವು ಓಡಿಸಿರುವುದು 300 ಕಿ.ಮೀ., ಕೋಡ್ ಅಳಿಸಿ 310 ಕಿ.ಮೀ. ಆಗಿದ್ದರೆ ಅದು ಯಾರ ಕೈಯಲ್ಲಿದ್ದಾಗ ಅಳಿಸಿದ್ದು ಎಂದು ಬೇರೆ ಹೇಳಬೇಕಿಲ್ಲ. ಈ ಸ್ಕ್ಯಾನ್ ಮೊದಲೇ ಆಗಬೇಕು. ಯಾವುದೋ ಗ್ಯಾರೇಜ್‌ನಲ್ಲಿ ಮತ್ತೊಮ್ಮೆ ಕೋಡ್ ಅಳಿಸಿಬಿಟ್ಟರೆ ಆ ಸಾಕ್ಷಿ ಹೋಯಿತು.

5. ಡೀಲರ್‌ಗೆ ನೋಟಿಸ್

ನೋಟಿಸ್ ಕೊಡದೆಯೂ ದೂರು ಹಾಕಬಹುದು. ಆದರೂ ಕೊಡಿ, ಸಾಧ್ಯವಾದರೆ ಖರೀದಿಯಾದ 30 ದಿನದೊಳಗೆ ಕೊಡಿ. ಮೇಲೆ ಹೇಳಿದ 2(47)ರ ಕಲಂ ಆಗ ನೇರವಾಗಿ ನಿಮ್ಮ ಪರ ನಿಲ್ಲುತ್ತದೆ. 30 ದಿನ ದಾಟಿದರೆ ದೂರಿನ ಹಕ್ಕು ಹೋಗುವುದಿಲ್ಲ. ವಕೀಲರೇ ಬರೆಯಬೇಕೆಂದಿಲ್ಲ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ, ಅದನ್ನೇ ಇಮೇಲ್ ಮತ್ತು ವಾಟ್ಸಾಪ್‌ಗೂ ಹಾಕಿ. ಒಕ್ಕಣೆ ಹೀಗಿರಲಿ:

"ದಿನಾಂಕ … ರಂದು ನಿಮ್ಮಿಂದ ನೋಂದಣಿ ಸಂಖ್ಯೆ … ರ ಕಾರನ್ನು ರೂ. … ಕೊಟ್ಟು ಖರೀದಿಸಿದ್ದೇನೆ. ಕಾರು 46,000 ಕಿ.ಮೀ. ಓಡಿದೆ, ಅಪಘಾತವಾಗಿಲ್ಲ ಎಂದು ನಿಮ್ಮ ಜಾಹೀರಾತಿನಲ್ಲಿ ತಿಳಿಸಿದ್ದಿರಿ. ಅಧಿಕೃತ ಸರ್ವಿಸ್ ಸೆಂಟರ್‌ನ ದಾಖಲೆಯಂತೆ ಈ ಕಾರು 2021ರಲ್ಲೇ 82,000 ಕಿ.ಮೀ. ಓಡಿತ್ತು. ದಾಖಲೆಯ ಪ್ರತಿ ಲಗತ್ತಿಸಿದೆ. ಈ ನೋಟಿಸ್ ತಲುಪಿದ 15 ದಿನದೊಳಗೆ ಕಾರನ್ನು ವಾಪಸ್ ಪಡೆದು ರೂ. … ಹಿಂದಿರುಗಿಸಬೇಕು. ತಪ್ಪಿದಲ್ಲಿ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ, ಅದರ ಖರ್ಚಿಗೂ ನೀವೇ ಹೊಣೆ."

ಬೈಗುಳ, ಬೆದರಿಕೆ, "ಸೋಷಿಯಲ್ ಮೀಡಿಯಾದಲ್ಲಿ ಮಾನ ತೆಗೆಯುತ್ತೇನೆ" ಎಂಬ ಸಾಲು ಬೇಡ. ಅದೇ ಕಾಗದವನ್ನು ಅವರು ಆಯೋಗದ ಮುಂದೆ ಇಡುತ್ತಾರೆ.

ನೋಟಿಸ್ ಮುಟ್ಟಿದ ಮೇಲೆ ಹೆಚ್ಚಿನ ಡೀಲರ್‌ಗಳು ಫೋನ್ ಎತ್ತುತ್ತಾರೆ. ಆಗ ಬರುವ ಎರಡು ಮಾತಿನಲ್ಲಿ ಹುಷಾರಾಗಿರಿ. ಒಂದು, "ಕಾರು ತಂದು ಬಿಡಿ, ನೋಡೋಣ". ಬಿಡುವುದಾದರೆ ಜಾಬ್ ಕಾರ್ಡ್, ಮೀಟರ್ ರೀಡಿಂಗ್, ಫೋಟೊ, ಪಡೆದವರ ಸಹಿ ಇಲ್ಲದೆ ಬಿಡಬೇಡಿ. ಎರಡು, "ಅರ್ಧ ರಿಪೇರಿ ಖರ್ಚು ಕೊಡ್ತೇವೆ, ಇಲ್ಲೊಂದು ಸಹಿ ಹಾಕಿ". ಆ ಸಹಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ"ಕ್ಕೆ, ಅಂದರೆ ಇನ್ನು ಮುಂದೆ ಏನೂ ಕೇಳುವುದಿಲ್ಲ ಎಂಬುದಕ್ಕೆ. ಹಣ ಖಾತೆಗೆ ಬಂದು, ಆ ಮೊತ್ತ ನಿಮಗೆ ಒಪ್ಪಿಗೆಯಾದರೆ ಮಾತ್ರ ಹಾಕಿ.

ಇದರ ಜತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅವರಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ಕೇಳುತ್ತಾರೆ. ದೊಡ್ಡ ಕಂಪನಿಗಳ ಜತೆ ಇದು ಎಷ್ಟೋ ಸಲ ಕೆಲಸ ಮಾಡುತ್ತದೆ. ರಸ್ತೆ ಬದಿಯ ಡೀಲರ್ ಹತ್ತಿರ ಅಪರೂಪ.

6. ಗ್ರಾಹಕ ಆಯೋಗದಲ್ಲಿ ದೂರು

ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ತಡವಾದರೆ ಕಾರಣ ಕೊಟ್ಟು ಮನ್ನಿಸುವಂತೆ ಕೇಳಬಹುದು, ಮನ್ನಿಸಲೇಬೇಕೆಂದೇನಿಲ್ಲ. ಡೀಲರ್ ಜತೆ ಮಾತುಕತೆ ನಡೆಯುತ್ತಿತ್ತು ಎನ್ನುವುದು ಒಳ್ಳೆಯ ಕಾರಣವಲ್ಲ.

ಎಲ್ಲಿ ಹಾಕಬೇಕೆಂಬುದು ನೀವು ಕೊಟ್ಟ ಬೆಲೆಯ ಮೇಲೆ ನಿಂತಿದೆ, ಕೇಳುವ ಪರಿಹಾರದ ಮೇಲಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. ಹಳೆ ಕಾರಿನ ಕೇಸುಗಳು ಬಹುತೇಕ ಜಿಲ್ಲೆಯವೇ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ ರೂ. 200, 20 ಲಕ್ಷದವರೆಗೆ ರೂ. 400, 50 ಲಕ್ಷದವರೆಗೆ ರೂ. 1,000.

ನೀವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಇದು 2019ರ ಕಾಯ್ದೆಯ ದೊಡ್ಡ ಉಪಕಾರ. ಒಪ್ಪಂದದಲ್ಲಿ "ವ್ಯಾಜ್ಯವೆಲ್ಲ ಮಧ್ಯಸ್ಥಿಕೆಗೇ ಹೋಗಬೇಕು" ಎಂದು ಬರೆದಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ, ಇದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಕಾರನ್ನು ಕಂಪನಿಯ ಹೆಸರಿನಲ್ಲಿ ವ್ಯಾಪಾರಕ್ಕೆಂದು ಕೊಂಡಿದ್ದರೆ ನೀವು ಗ್ರಾಹಕರಲ್ಲ ಎಂಬ ತಕರಾರು ಬರುತ್ತದೆ. ಸ್ವಂತ ಜೀವನೋಪಾಯಕ್ಕೆ ತಾವೇ ಓಡಿಸುವ ಟ್ಯಾಕ್ಸಿಗೆ ಈ ತೊಡಕಿಲ್ಲ, ಆದರೆ ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ದಾಖಲಿಸಲು ಇ-ಜಾಗೃತಿ ಪೋರ್ಟಲ್ ಇದೆ, ನೇರವಾಗಿ ಆಯೋಗದ ಕಚೇರಿಗೂ ಕೊಡಬಹುದು. ವಕೀಲರು ಕಡ್ಡಾಯವಲ್ಲ. ಬೇಕೆನಿಸಿ, ಶುಲ್ಕ ಕೊಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ.

ದೂರಿನ ಕಟ್ಟಿನಲ್ಲಿ ಇಷ್ಟಿರಲಿ: ಒಂದು ಪುಟದ ದಿನಾಂಕಗಳ ಪಟ್ಟಿ, ದೂರು, ಅಫಿಡವಿಟ್ (ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆ), ಸಂಖ್ಯೆ ಹಾಕಿದ ದಾಖಲೆಗಳು, ವಿಳಾಸದ ಪುರಾವೆ. ದಿನಾಂಕಗಳ ಪಟ್ಟಿಗೆ ಬೆವರು ಹರಿಸಿ, ಮೊದಲು ಓದುವುದೇ ಅದನ್ನು.

ಏನು ಕೇಳಬೇಕು? ಮುಖ್ಯ ಬೇಡಿಕೆ, ಕಾರು ವಾಪಸ್ ಪಡೆದು ಪೂರ್ತಿ ಬೆಲೆ ಬಡ್ಡಿಯೊಂದಿಗೆ ಕೊಡುವುದು. ಅದಾಗದಿದ್ದರೆ ಪರ್ಯಾಯವಾಗಿ ರಿಪೇರಿ ಖರ್ಚು ಮತ್ತು ಬೆಲೆಯಲ್ಲಿ ಆದ ನಷ್ಟ. ಪರ್ಯಾಯ ಬರೆಯದವರಿಗೆ ಎಲ್ಲ ಅಥವಾ ಏನೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಜತೆಗೆ ವರ್ಗಾವಣೆ ಶುಲ್ಕ, ವಿಮೆ, ಟೋಯಿಂಗ್, ತಪಾಸಣೆ ಖರ್ಚು, ಸಾಲದ ಬಡ್ಡಿ, ಪ್ರತಿಯೊಂದಕ್ಕೂ ರಸೀದಿ. ಮಾನಸಿಕ ಯಾತನೆಗೆ ಮಿತವಾಗಿ ಕೇಳಿ. ನಾಲ್ಕು ಲಕ್ಷದ ಕಾರಿಗೆ ಇಪ್ಪತ್ತು ಲಕ್ಷದ ಯಾತನೆ ಬರೆದರೆ ಇಡೀ ದೂರಿನ ತೂಕವೇ ಇಳಿಯುತ್ತದೆ.

7. ದಾಖಲಾದ ಮೇಲೆ

ದೂರನ್ನು ಅಂಗೀಕರಿಸುವ ಬಗ್ಗೆ ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನವಾಗಬೇಕು. ನೋಟಿಸ್ ತಲುಪಿದ ಎದುರುದಾರ 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. 45 ದಿನ ದಾಟಿದರೆ ಆಯೋಗವೂ ಅವಧಿ ವಿಸ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ತಡವಾಗಿ ಬಂದ ಉತ್ತರವನ್ನು ಸ್ವೀಕರಿಸದಂತೆ ನೀವೇ ಎದ್ದು ಹೇಳಬೇಕು, ಯಾರೂ ನಿಮ್ಮ ಪರವಾಗಿ ದಿನ ಎಣಿಸುವುದಿಲ್ಲ.

ದೋಷವನ್ನು ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದಿದ್ದರೆ 38ನೇ ಕಲಂನಡಿ ಪರೀಕ್ಷೆಗೆ ಕಳಿಸಬಹುದು. ಡೀಲರ್ ನಿಮ್ಮ ವರದಿಯನ್ನು ಅಲ್ಲಗಳೆದ ಕೂಡಲೇ ತಜ್ಞರ ನೇಮಕಕ್ಕೆ ಅರ್ಜಿ ಕೊಡಿ, ಅದರ ಶುಲ್ಕ ಮೊದಲು ನೀವೇ ಕಟ್ಟಬೇಕಾಗುತ್ತದೆ. ಅಲ್ಲಿಯವರೆಗೆ ಕಾರು ನಿಮ್ಮ ಬಳಿಯೇ ಇರಬೇಕು. ನಡುವೆ ಮಾರಿಬಿಟ್ಟರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಕಾಯ್ದೆ ಹೇಳುವ ಅವಧಿ ಮೂರು ತಿಂಗಳು, ಪರೀಕ್ಷೆ ಬೇಕಿದ್ದರೆ ಐದು. ನಿಜದಲ್ಲಿ ಇದಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿಕೊಳ್ಳಿ. ಓಡಾಟ ಕಷ್ಟವಾದರೆ ವಿಡಿಯೊ ಕಾನ್ಫರೆನ್ಸ್ ವಿಚಾರಣೆಗೆ ಕೋರಬಹುದು.

ಪೊಲೀಸರ ಬಳಿ ಹೋಗುವುದು ಯಾವಾಗ?

ಎಂಜಿನ್ ಕೆಟ್ಟದ್ದಕ್ಕೆ ಅಲ್ಲ. ಮೀಟರ್ ತಿರುಗಿಸಿದ್ದು, ಸುಳ್ಳು ಎನ್‌ಒಸಿ, ಕದ್ದ ಕಾರು, ತಿದ್ದಿದ ಚಾಸಿ ನಂಬರ್, ಹಣ ಪಡೆದು ಕಾರೇ ಕೊಡದಿರುವುದು, ಇಂಥವಕ್ಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318(4) ವಂಚಿಸಿ ಆಸ್ತಿ ಪಡೆಯುವುದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ, ಹಳಬರು 420 ಎನ್ನುವುದು ಇದನ್ನೇ. "ಇದು ಸಿವಿಲ್ ಮ್ಯಾಟರ್" ಎಂದು ಠಾಣೆಯಲ್ಲಿ ಕಳಿಸಿದರೆ ದೂರನ್ನು ಅಂಚೆಯಲ್ಲಿ ಪೊಲೀಸ್ ಸೂಪರಿಂಟೆಂಡೆಂಟ್‌ಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಗ್ರಾಹಕ ದೂರು ಮತ್ತು ಪೊಲೀಸ್ ದೂರು ಏಕಕಾಲಕ್ಕೆ ನಡೆಯಬಹುದು. ಕಾರು ಕಳವಿನದು ಎಂದು ಗೊತ್ತಾದ ಮೇಲೆ ಅದನ್ನು ಇನ್ನೊಬ್ಬರಿಗೆ ದಾಟಿಸಲು ಹೋಗಬೇಡಿ, ಆಗ ಆರೋಪಿಯ ಜಾಗದಲ್ಲಿ ನೀವೇ ನಿಲ್ಲುತ್ತೀರಿ.

8. ಆದೇಶ ಬಂದಿತು, ಹಣ ಬರಲಿಲ್ಲ

ಡೀಲರ್‌ಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು 45 ದಿನವಿದೆ, ಆದರೆ ಆದೇಶವಾದ ಮೊತ್ತದ ಅರ್ಧ ಠೇವಣಿ ಇಟ್ಟೇ ಹೋಗಬೇಕು. ಸೋತಿದ್ದರೆ ನಿಮಗೂ ಅದೇ 45 ದಿನ.

ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಅದೇ ಆಯೋಗದಲ್ಲಿ ಅಮಲ್ಜಾರಿ ಅರ್ಜಿ ಹಾಕಿ. 71ನೇ ಕಲಂನಡಿ ಸಿವಿಲ್ ಡಿಕ್ರಿಯಂತೆ ವಸೂಲಿ ನಡೆಯುತ್ತದೆ. 72ನೇ ಕಲಂನಡಿ ಆದೇಶ ಮೀರಿದವನಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ ರೂ. 25,000ಕ್ಕೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ, ಅಥವಾ ಎರಡೂ. ಹಣ ಹೊರಬರುವುದು ಹೆಚ್ಚಾಗಿ ಈ 72ನೇ ಕಲಂನ ಅರ್ಜಿಯ ನೋಟಿಸ್ ಮುಟ್ಟಿದಾಗಲೇ.

ಹಣ ಸಿಕ್ಕಿ ಕಾರು ಒಪ್ಪಿಸುವ ದಿನ ಅವಸರ ಮಾಡಬೇಡಿ. ಒಪ್ಪಿಸಿದ ದಿನಾಂಕ, ಗಂಟೆ, ಮೀಟರ್ ರೀಡಿಂಗ್ ಬರೆದು ಡೀಲರ್‌ನ ಸಹಿ, ಮುದ್ರೆ ಪಡೆಯಿರಿ. ನಿಮ್ಮ ಹೆಸರಿಗೆ ಆರ್‌ಸಿ ಆಗಿದ್ದರೆ ಫಾರಂ 29ಸಿಯ ಸೂಚನೆ ಹೋಗಿದೆಯೇ ಎಂದು ಆರ್‌ಟಿಒ ಸೇವೆಗಳ ಪರಿವಾಹನ್ ಪೋರ್ಟಲ್‌ನಲ್ಲಿ ನೋಡಿ, ಸಾಲವಿದ್ದರೆ ಬ್ಯಾಂಕಿನಿಂದ ಫಾರಂ 35 (ಹೈಪಾಥಿಕೇಶನ್ ತೆಗೆಯುವ ಅರ್ಜಿ) ಪಡೆದು ಕೊಡಿ. ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ವಿಮೆ ರದ್ದು ಮಾಡಿಸಬೇಡಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಕಾರು ಆಗ ಯಾರ ಅಂಗಳದಲ್ಲೇ ನಿಂತಿರಲಿ.